ಅಕ್ಕಲಕೋಟದಿಂದ ಸೈಕಾಲಜಿಗೆ ಯಾವ ದಾರಿ?

ಬಾರಾವಿ, ಅಂದರೆ ಹನ್ನೆರಡನೆಯ ತರಗತಿಯ ನಿಕಾಲ (ಫಲಿತಾಂಶ) ಬಂದು ಹದಿನೈದು ದಿನವಾಗಿರಬೇಕು. ಅಕ್ಕಲಕೋಟ ತಾಲೂಕಿನ ಹಳ್ಳಿಯೊಂದರಿಂದ ಪರಿಚಯದ ರೈತರೊಬ್ಬರು ಮಗಳನ್ನು ಕರೆದುಕೊಂಡು ಸೊಲ್ಲಾಪುರದ ನಮ್ಮ ಮನೆಗೆ ಬಂದರು. ಮಳೆ ಇನ್ನೂ ಹಿಡಿದಿರಲಿಲ್ಲ. ತೊಗರಿ ಬಿತ್ತನೆಗೆ ಹೊಲ ಹದ ಮಾಡಿಟ್ಟು ಬಂದಿದ್ದರು. ಚೀಲದಿಂದ ಮೊದಲು ಒಂದು ಡಬ್ಬಿ ಶೇಂಗಾ ಚಟ್ನಿ ಹೊರಗೆ ಬಂತು, ಆಮೇಲೆ ಖಾಸಗಿ ವಿಶ್ವವಿದ್ಯಾಲಯವೊಂದರ ಬಣ್ಣಬಣ್ಣದ ಪುಸ್ತಿಕೆ.

"ಮಗಳು ಸೈಕಾಲಜೀನೇ ಓದ್ತೀನಿ ಅಂತ ಹಟ ಹಿಡದಾಳ್ರಿ ಸರ. ಪುಣೆಕ್ಕ ಕಳಸ್ಲೋ, ಬೆಂಗಳೂರಿಗಿ ಕಳಸ್ಲೋ? ಒಂದೆಕರೆ ಹೋದ್ರೂ ಹೋಗ್ಲಿ," ಅಂದರು.

ಒಂದೆಕರೆಯ ಮಾತು ಕೇಳಿ ನನಗೆ ಎದೆ ಧಸಕ್ಕೆಂದಿತು. "ಯಾಕವ್ವಾ ಸೈಕಾಲಜಿ?" ಅಂತ ಹುಡುಗಿಯನ್ನು ಕೇಳಿದೆ.

"ನಮ್ಮ ಕಾಕಿಗಿ ಎರಡು ವರ್ಷ ನಿದ್ದಿ ಇದ್ದಿಲ್ರಿ. ಗಾಳಿ ಬಡದದ ಅಂತ ಗಾಣಗಾಪುರಕ್ಕ ಒಯ್ದ್ರು. ಆಮ್ಯಾಲ ಇಲ್ಲಿ ಡಾಕ್ಟರ್ ಬಲ್ಲಿ ಕರಕೊಂಡು ಬಂದ್ವಿ. ಅವರು ಮರಾಠ್ಯಾಗ ಕೇಳ್ತಿದ್ರು, ಕಾಕಿ ಕನ್ನಡದಾಗ ಅಳ್ತಿದ್ಳು. ನಡಬರಕ ನಾನು ಕುಂತಿದ್ದೆ. ಕಾಕಿ 'ಸಂಕಟ ಆಗ್ತದ' ಅಂದ್ಳು. ಅವರು 'ಕಸಲಂ ಸಂಕಟ?' ಅಂತ ಕೇಳಿದ್ರು. ನನಗ ಹೇಳಲಾಕ ಬರಲಿಲ್ರಿ."

ಮರಾಠಿಯಲ್ಲಿ ಸಂಕಟ ಎಂದರೆ ವಿಪತ್ತು. ಹೊಳೆ ಬಂದರೆ ಸಂಕಟ, ಸಾಲದವನು ಬಾಗಿಲಿಗೆ ಬಂದರೆ ಸಂಕಟ. ನಮ್ಮ ಹೆಣ್ಣುಮಕ್ಕಳ ಸಂಕಟ ಹಾಗಲ್ಲ. ಅದು ಹೊಟ್ಟೆಯಲ್ಲಿ ಎದ್ದು ಎದೆಗೆ ಏರುವಂಥದ್ದು, ಅರ್ಧ ಮೈಯ ನೋವು, ಅರ್ಧ ಮನಸ್ಸಿನ ನೋವು. ವೈದ್ಯರದು ತಪ್ಪಲ್ಲ, ಕಾಕಿಯದೂ ತಪ್ಪಲ್ಲ. ಇಬ್ಬರ ನಡುವೆ ಕೂತ ಹದಿನೇಳರ ಹುಡುಗಿಗೆ ಆ ಹೊತ್ತಿನಲ್ಲಿ ತನ್ನ ಮುಂದಿನ ಓದು ಕಂಡಿತು. ಬಣ್ಣದ ಪುಸ್ತಿಕೆಯನ್ನು ಪಕ್ಕಕ್ಕಿಟ್ಟು ಅವರೊಡನೆ ಒಂದು ಮಧ್ಯಾಹ್ನ ಮಾತಾಡಿದೆ. ಇದೇ ಪ್ರಶ್ನೆ ಈ ಸೀಮೆಯ ಬೇರೆ ಮನೆಗಳಲ್ಲೂ ಎದ್ದಿರುತ್ತದೆ ಅನ್ನಿಸಿ ಆವತ್ತಿನ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಗೊಂದಲ ಹೆಸರುಗಳದು. ಆ ರೈತರ ಲೆಕ್ಕದಲ್ಲಿ ಮಗಳು ಮೂರು ವರ್ಷ ಓದಿ ಬಂದರೆ ಅಕ್ಕಲಕೋಟದ ಬಸ್ ಸ್ಟ್ಯಾಂಡ್ ಹತ್ತಿರ ದವಾಖಾನೆ ತೆರೆಯುತ್ತಾಳೆ. ವಿಷಯ ಹಾಗಿಲ್ಲ. ಗುಳಿಗೆ ಬರೆದುಕೊಡುವವರು ಮನೋವೈದ್ಯರು, ಅಂದರೆ ಸೈಕಿಯಾಟ್ರಿಸ್ಟ್. ಅವರು ಎಂ.ಬಿ.ಬಿ.ಎಸ್. ಓದಿ ಅದರ ಮೇಲೆ ಮನೋವೈದ್ಯಕೀಯದಲ್ಲಿ ಎಂ.ಡಿ. ಅಥವಾ ಡಿಪ್ಲೊಮಾ ಮಾಡಿದವರು. ಸೈಕಾಲಜಿಯ ದಾರಿ ಬೇರೆ. ಅದು ಮಾತಿನ, ಪರೀಕ್ಷೆಗಳ, ಗಮನವಿಟ್ಟು ಕೇಳುವುದರ ದಾರಿ. ಬಾರಾವಿಯಲ್ಲಿ ಆರ್ಟ್ಸ್ ಓದಿದವರಿಗೂ ತೆರೆದಿದೆ. ಆದರೆ ಈ ದಾರಿಯಲ್ಲಿ ಬಿ.ಎ. ಎಂಬುದು ಬಾಗಿಲು ಮಾತ್ರ. ಬಿ.ಎ. ಸೈಕಾಲಜಿ ಮುಗಿಸಿದವರು ಸೈಕಾಲಜಿ ಓದಿದ ಪದವೀಧರರು. ಅವರು ಶಿಕ್ಷಕರಾಗಬಹುದು, ಸಮಾಜಕಾರ್ಯಕ್ಕೆ ಹೋಗಬಹುದು, ಸ್ಪರ್ಧಾ ಪರೀಕ್ಷೆ ಬರೆಯಬಹುದು. ಕಾಕಿಯಂಥವರನ್ನು ಎದುರಿಗೆ ಕೂರಿಸಿಕೊಂಡು ಚಿಕಿತ್ಸೆ ಮಾಡುವ ಹಕ್ಕು ಆ ಕಾಗದದಿಂದ ಬರುವುದಿಲ್ಲ.

ಆ ಹಕ್ಕು ಎಲ್ಲಿಂದ ಬರುತ್ತದೆ ಎಂದು ಕೆಳಗಿನ ಮೆಟ್ಟಿಲಲ್ಲಿ ನಿಂತಾಗಲೇ ತಿಳಿದಿರಬೇಕು. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ನೋಂದಣಿ ಮಾಡುವುದು ಭಾರತೀಯ ಪುನರ್ವಸತಿ ಪರಿಷತ್ತು. 1992ರ ಕಾಯ್ದೆಯಡಿ ಬಂದ ಸಂಸ್ಥೆ ಅದು, ಎಲ್ಲರೂ ಆರ್‌ಸಿಐ ಅನ್ನುತ್ತಾರೆ. ಅದು ಒಪ್ಪಿದ ಸಂಸ್ಥೆಯಲ್ಲಿ, ಅದು ಒಪ್ಪಿದ ಕೋರ್ಸ್ ಮಾಡಿದವರಿಗೆ ಮಾತ್ರ ರಿಜಿಸ್ಟರಿನ ನಂಬರು. ಬಹುಕಾಲದಿಂದ ಆ ಕೋರ್ಸೆಂದರೆ ಎಂ.ಎ. ನಂತರದ ಎರಡು ವರ್ಷದ ಎಂ.ಫಿಲ್. ಹೆಸರು ಎಂ.ಫಿಲ್. ಆದರೂ ಅದು ಗ್ರಂಥಾಲಯದ ಓದಲ್ಲ, ಆಸ್ಪತ್ರೆಯ ವಾರ್ಡಿನಲ್ಲಿ ಹಿರಿಯರ ಕೈಕೆಳಗೆ ನಡೆಯುವ ತರಬೇತಿ. ಈ ಪದ್ಧತಿಯ ಬೇರು ಬೆಂಗಳೂರಿನಲ್ಲಿದೆ. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮರುವರ್ಷವೇ ವೈದ್ಯಕೀಯ ಮನೋವಿಜ್ಞಾನದ ಡಿಪ್ಲೊಮಾ ಶುರುಮಾಡಿತು. 1974ರಲ್ಲಿ ಅದೂ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು.

ಈಗ ಆ ಮೇಲಿನ ಮೆಟ್ಟಿಲೇ ಬದಲಾಗುತ್ತಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನಿಯಮಾವಳಿಯಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗಳಿಗೆ ಮಾತ್ರ 2025-26ರ ಪ್ರವೇಶದವರೆಗೆ ರಿಯಾಯಿತಿ ಕೊಟ್ಟಿತು. ಅದರ ಜಾಗಕ್ಕೆ ಆರ್‌ಸಿಐ ಹೊಸ ಕ್ಲಿನಿಕಲ್ ಕೋರ್ಸುಗಳನ್ನು ತರುತ್ತಿದೆ. ಇಂದು ಬಾರಾವಿ ಮುಗಿಸಿದ ಮಗು ಆ ಮೆಟ್ಟಿಲಿಗೆ ಬರುವ ಹೊತ್ತಿಗೆ ಐದು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ಕೋರ್ಸಿನ ಹೆಸರು ಏನಾಗಿದ್ದರೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಸಂಸ್ಥೆಯ ಈ ಕೋರ್ಸಿಗೆ ಈ ವರ್ಷ ಆರ್‌ಸಿಐ ಮಾನ್ಯತೆ ಇದೆಯೇ? ಪರಿಷತ್ತಿನ ವೆಬ್‌ಸೈಟಿನಲ್ಲಿ ಪಟ್ಟಿ ಸಿಗುತ್ತದೆ. ಪುಸ್ತಿಕೆಯಲ್ಲಿ "ಎಂ.ಎ. ಕ್ಲಿನಿಕಲ್ ಸೈಕಾಲಜಿ" ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆ ಪದವಿಯಿಂದ ನಂಬರು ಸಿಗುವುದಿಲ್ಲ. ಲಕ್ಷಗಟ್ಟಲೆ ಕಟ್ಟಿ, ಕೊನೆಯ ದಿನ ಇದು ಗೊತ್ತಾಗಿ ಕಣ್ಣೀರು ಹಾಕಿದವರನ್ನು ನಾನು ಕಂಡಿದ್ದೇನೆ.

ಹೀಗೆ ಏಣಿಯನ್ನು ಮೇಲಿನಿಂದ ಕೆಳಗೆ ನೋಡಿದರೆ ಹಣ ಎಲ್ಲಿ ಸುರಿಯಬೇಕು, ಎಲ್ಲಿ ಉಳಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಕೆಳಗಿನ ಮೆಟ್ಟಿಲು ಮನೆಯ ಹತ್ತಿರ ಇರಲಿ, ಮೇಲಿನ ಮೆಟ್ಟಿಲಿಗೆ ಎಷ್ಟು ದೂರ ಬೇಕಾದರೂ ಹೋಗಿ. ಆ ಒಂದೆಕರೆ ಮಾರಲೇಬೇಕು ಎನ್ನುವ ದಿನ ಬಂದರೆ ಅದು ಬಿ.ಎ.ಗೆ ಅಲ್ಲ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಮಹಾನಗರದ ದೊಡ್ಡ ಕಾಲೇಜಿನ ಗಾಳಿ, ಅಲ್ಲಿನ ಗೆಳೆಯರ ಬಳಗ, ಅಲ್ಲಿ ತಾನಾಗಿ ಬರುವ ಇಂಗ್ಲಿಷ್, ಇವೆಲ್ಲ ದೊಡ್ಡ ಸಂಪತ್ತು ಎಂದು ಅವರು ಹೇಳುತ್ತಾರೆ. ಅದು ನಿಜವೂ ಹೌದು. ಹೊಲ ಮಾರದೆ ಹೋಗಬಲ್ಲವರು ಹೋಗಲಿ.

ಹತ್ತಿರ ಎಂದರೆ ನಮಗೆ ಮೊದಲು ಸೊಲ್ಲಾಪುರ, ಅಕ್ಕಲಕೋಟದಿಂದ ಸುಮಾರು 40 ಕಿಲೋಮೀಟರು. ಮೊದಲು ಇಲ್ಲಿನ ಕಾಲೇಜುಗಳೆಲ್ಲ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಕೆಳಗಿದ್ದವು. 2004ರಲ್ಲಿ ಒಂದೇ ಜಿಲ್ಲೆಗಾಗಿ ಸೊಲ್ಲಾಪುರ ವಿಶ್ವವಿದ್ಯಾಲಯ ಹುಟ್ಟಿತು. 2019ರಲ್ಲಿ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಹೆಸರು ಪಡೆಯಿತು. ಪುಣೆ ರಸ್ತೆಯ ಕೇಗಾಂವದಲ್ಲಿ ಅದರ ಆವರಣ. ಆದರೆ ಬಿ.ಎ. ಮಟ್ಟದಲ್ಲಿ ವಿಶ್ವವಿದ್ಯಾಲಯ ಆರಿಸುವುದೆಂದರೆ ಕಾಲೇಜು ಆರಿಸುವುದೇ. ಸಂಲಗ್ನ ಕಾಲೇಜುಗಳಿಗೆಲ್ಲ ಒಂದೇ ಪಠ್ಯಕ್ರಮ, ಒಂದೇ ಪ್ರಶ್ನೆಪತ್ರಿಕೆ. ಸ್ವಾಯತ್ತ ಕಾಲೇಜುಗಳು ಮಾತ್ರ ತಮ್ಮ ಪಠ್ಯವನ್ನು ತಾವೇ ಮಾಡಿಕೊಳ್ಳುತ್ತವೆ. ಊರಲ್ಲಿ 1940ರ ದಯಾನಂದ ಕಾಲೇಜಿದೆ, 1953ರ ಸಂಗಮೇಶ್ವರ ಕಾಲೇಜಿದೆ, ವಾಲಚಂದ್ ಕಲಾ ಮತ್ತು ವಿಜ್ಞಾನ ಕಾಲೇಜಿದೆ. ವಾಲಚಂದಿನಲ್ಲಿ ಮನೋವಿಜ್ಞಾನ ವಿಭಾಗವಿದೆ, ಸಂಗಮೇಶ್ವರದಲ್ಲಿ ಕನ್ನಡ ವಿಭಾಗವಿದೆ. ಅಕ್ಕಲಕೋಟದ ಖೇಡಗಿ ಕಾಲೇಜಿನಲ್ಲೂ ಕನ್ನಡವಿದೆ. ಕಾಲೇಜಿಗೆ ಹೋದಾಗ "ಸೈಕಾಲಜಿ ಇದೆಯೇ?" ಎಂದಷ್ಟೇ ಕೇಳಿ ಬರಬೇಡಿ. "ಮೇಜರ್ ಆಗಿ ಇದೆಯೇ, ಮೂರನೆಯ ವರ್ಷದವರೆಗೂ ಇದೆಯೇ?" ಎಂದು ಕೇಳಿ. ಒಂದೆರಡು ಪತ್ರಿಕೆ ಮಾತ್ರ ಇರುವ ಕಡೆ ಸೇರಿದವರಿಗೆ ಮುಂದೆ ಎಂ.ಎ. ಪ್ರವೇಶದ ಹೊತ್ತಿಗೆ ತೊಡಕಾಗುತ್ತದೆ.

ಕೇಳಬೇಕಾದ ಇನ್ನೊಂದು ಮಾತು, "ಲ್ಯಾಬ್ ತೋರಿಸ್ತೀರಾ?" ಸೈಕಾಲಜಿಗೆ ಲ್ಯಾಬ್ ಯಾಕೆ ಎಂದು ಆ ರೈತರು ಹುಬ್ಬೇರಿಸಿದರು. ಈ ವಿದ್ಯೆ ತತ್ವಶಾಸ್ತ್ರದ ಮನೆಯಿಂದ ಹೊರಬಂದು ವಿಜ್ಞಾನ ಅನ್ನಿಸಿಕೊಂಡದ್ದೇ 1879ರಲ್ಲಿ ವಿಲ್ಹೆಲ್ಮ್ ವುಂಟ್ ಜರ್ಮನಿಯ ಲೈಪ್‌ಸಿಗ್‌ನಲ್ಲಿ ಪ್ರಯೋಗಾಲಯ ತೆರೆದ ಮೇಲೆ. ಮರುದಿನ ಅಪ್ಪ-ಮಗಳಿಬ್ಬರನ್ನೂ ಊರಿನ ಒಂದು ಕಾಲೇಜಿಗೆ ಕರೆದುಕೊಂಡು ಹೋದೆ. ಅಲ್ಲಿನ ಮೇಡಂ ಕಪಾಟು ತೆಗೆದು ಒಂದು ಹಲಗೆ ಹೊರಗಿಟ್ಟರು. ಹಲಗೆಯ ಮೇಲೆ ಎರಡು ಗೆರೆಗಳ ನಕ್ಷತ್ರ ಬರೆದ ಕಾಗದ, ಎದುರಿಗೆ ಕನ್ನಡಿ, ಕೈ ನೇರವಾಗಿ ಕಾಣದಂತೆ ನಡುವೆ ಒಂದು ಅಡ್ಡತಗಡು. ಕನ್ನಡಿಯಲ್ಲಿ ಮಾತ್ರ ನೋಡುತ್ತ ಎರಡು ಗೆರೆಗಳ ನಡುವೆ ಪೆನ್ಸಿಲ್ ನಡೆಸಬೇಕು.

"ನೀವೇ ಮಾಡ್ರಿ ಕಾಕಾ," ಅಂದರು ಮೇಡಂ. ಐವತ್ತು ವರ್ಷ ನೇಗಿಲು, ಕುಂಟೆ ಹಿಡಿದ ಕೈ. ಗೆರೆ ಸರಳವಾಗಿ ಬಂದೀತು ಎಂದು ಅವರಿಗೆ ಭರವಸೆಯಿತ್ತು. ಮೂಲೆಗೆ ಬಂದಾಗ ಪೆನ್ಸಿಲ್ ನಿಂತುಬಿಟ್ಟಿತು. ಕೈ ಮುಂದೆ ಹೋಗೆಂದರೆ ಹಿಂದೆ ಬರುತ್ತದೆ. ಹಣೆಯಲ್ಲಿ ಬೆವರು. ಆರನೆಯ ಸಲಕ್ಕೆ ನಕ್ಷತ್ರ ಹತ್ತಿರಹತ್ತಿರ ಸರಿಯಾಯಿತು. ಆಮೇಲೆ ಮೇಡಂ ಎಡಗೈಯಲ್ಲಿ ಮಾಡಿಸಿದರು. ಒಮ್ಮೆಯೂ ಅಭ್ಯಾಸ ಮಾಡದ ಎಡಗೈ, ಬಲಗೈಯ ಮೊದಲ ಪ್ರಯತ್ನಕ್ಕಿಂತ ಎಷ್ಟೋ ಚೆನ್ನಾಗಿ ನಡೆಯಿತು. "ಒಂದು ಕೈ ಕಲಿತದ್ದು ಇನ್ನೊಂದು ಕೈಗೂ ದಾಟ್ತದ," ಅಂದರು ಮೇಡಂ. ರೈತರು ತಮ್ಮ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಮಗಳು ಏನು ಓದಲು ಹೊರಟಿದ್ದಾಳೆ ಎಂಬುದು ಪುಸ್ತಿಕೆಯಿಂದ ತಿಳಿಯದ್ದು ಅವರಿಗೆ ಆ ಹತ್ತು ನಿಮಿಷದಲ್ಲಿ ತಿಳಿಯಿತು.

ಆದ್ದರಿಂದ ಲ್ಯಾಬ್ ನೋಡಿ. ಕನ್ನಡಿ ಹಲಗೆ, ನೆನಪಿನ ಪರೀಕ್ಷೆಯ ಉರುಳೆ, ಪ್ರತಿಕ್ರಿಯೆಯ ಹೊತ್ತು ಅಳೆಯುವ ಯಂತ್ರ ಇವೆಯೇ, ಅವುಗಳ ಮೇಲೆ ಮಕ್ಕಳ ಬೆರಳ ಗುರುತು ಇದೆಯೇ ಅಥವಾ ಧೂಳಿದೆಯೇ ಎಂದು ನೋಡಿ. ಹಿಂದಿನ ವರ್ಷದ ಹುಡುಗರ ಜರ್ನಲ್ ಕೇಳಿ ತೆಗೆಸಿ. ಎಲ್ಲ ಜರ್ನಲ್‌ಗಳಲ್ಲೂ ಒಂದೇ ಅಂಕಿ ಇದ್ದರೆ ಅಲ್ಲಿ ಪ್ರಯೋಗ ನಡೆದಿಲ್ಲ, ನಕಲು ನಡೆದಿದೆ. ಖಾಯಂ ಅಧ್ಯಾಪಕರು ಎಷ್ಟು ಮಂದಿ, ತಾಸಿನ ಲೆಕ್ಕದಲ್ಲಿ ಬರುವವರು ಎಷ್ಟು ಮಂದಿ ಎಂದು ಕೇಳಲು ಸಂಕೋಚ ಬೇಡ. ಅಂಕಿಸಂಖ್ಯೆಯ ಭಯ ಇರುವವರಿಗೆ ಒಂದು ಮಾತು: ಸರಾಸರಿ, ವಿಚಲನೆ, ಸಹಸಂಬಂಧ ಇವಿಲ್ಲದೆ ಸೈಕಾಲಜಿ ಮುಂದೆ ಹೋಗುವುದಿಲ್ಲ. ಗಣಿತ ತಪ್ಪಿಸಿಕೊಳ್ಳಲೆಂದು ಈ ವಿಷಯ ಹಿಡಿದವರು ಬೇಗ ಸೋತುಹೋಗುತ್ತಾರೆ.

ಸೊಲ್ಲಾಪುರ ಬಿಟ್ಟರೆ ನಮಗೆ ಹತ್ತಿರದ್ದು ಪುಣೆಯಲ್ಲ, ಗಡಿಯಾಚೆಯ ಕಲಬುರಗಿ ಜಿಲ್ಲೆ. ಅಕ್ಕಲಕೋಟದಿಂದ ವಾಗ್ದರಿ ಮೇಲೆ ಆಳಂದಕ್ಕೆ ಹೋಗಿ ಕಲಬುರಗಿ ರಸ್ತೆ ಹಿಡಿದರೆ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಸಿಗುತ್ತದೆ. 2009ರ ಕಾಯ್ದೆಯಿಂದ ಬಂದದ್ದು, ಮನೋವಿಜ್ಞಾನ ವಿಭಾಗವೂ ಇದೆ. ಅಕ್ಕಲಕೋಟದ ಎಷ್ಟೋ ಪಾಲಕರಿಗೆ ಈ ಹೆಸರೇ ಗೊತ್ತಿಲ್ಲ ಎಂಬುದು ನನಗೆ ನೋವಿನ ವಿಷಯ. ಅಲ್ಲಿಗೆ ಸೇರುವುದು 2022ರಲ್ಲಿ ಬಂದ ಸಿಯುಇಟಿ ಪರೀಕ್ಷೆಯ ಮೂಲಕ. ಆ ಪರೀಕ್ಷೆಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆಯಬಹುದು. ಆದರೆ ಅರ್ಜಿಯ ಗಡುವು ಬಾರಾವಿ ನಿಕಾಲಕ್ಕಿಂತ ಮೊದಲೇ ಮುಗಿದಿರುತ್ತದೆ. ಜೂನಿನಲ್ಲಿ ನೆನಪಾದರೆ ಆ ವರ್ಷ ಹೋಯಿತು ಎಂದೇ ಲೆಕ್ಕ. ಕಲಬುರಗಿಯಲ್ಲಿ 1980ರ ಗುಲಬರ್ಗಾ ವಿಶ್ವವಿದ್ಯಾಲಯವಿದೆ, ಅಲ್ಲಿಯೂ ಮನೋವಿಜ್ಞಾನ ವಿಭಾಗವಿದೆ. ಕರ್ನಾಟಕದ ಇಂಥ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಬಿ.ಎ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ, ಬಾಲಭಾರತಿ ಅಚ್ಚು ಹಾಕಿದ ಕನ್ನಡ ಪುಸ್ತಕ ಓದಿ ದಹಾವಿ (ಹತ್ತನೆಯ ತರಗತಿ) ಮುಗಿಸಿದ ನಮ್ಮ ಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ.

ಗಡಿ ದಾಟುವವರು ಕಾಗದಪತ್ರದ ಚೀಲ ಸರಿಯಾಗಿ ಕಟ್ಟಿಕೊಳ್ಳಬೇಕು. ಬೇರೆ ಬೋರ್ಡಿನಿಂದ ಬಂದವರಿಗೆ ಟಿ.ಸಿ. ಜೊತೆ ಮೈಗ್ರೇಷನ್, ಎಲಿಜಿಬಿಲಿಟಿ ಸರ್ಟಿಫಿಕೇಟು ಬೇಕು. ಮಹಾರಾಷ್ಟ್ರದ ಶಿಷ್ಯವೇತನ ಆಚೆಯ ಕಾಲೇಜಿಗೂ ನಡೆಯುತ್ತದೆಯೇ ಎಂದು ಸೇರುವ ಮೊದಲೇ ಸಮಾಜಕಲ್ಯಾಣ ಕಚೇರಿಯಲ್ಲಿ ಕೇಳಬೇಕು. ಗಡಿನಾಡ ಕನ್ನಡಿಗರೆಂಬ ಮಾತಿಗೆ ಕರ್ನಾಟಕದ ಸಿಇಟಿ ನಿಯಮಗಳಲ್ಲಿ ಬೆಲೆ ಇದೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಹೆಸರು ಅಲ್ಲಿ ಬರೆದಿವೆ, ಕನ್ನಡ ಪರೀಕ್ಷೆಯೊಂದನ್ನು ಕೊಟ್ಟು ಪಾಸಾದರೆ ಅರ್ಹತೆ ಸಿಗುತ್ತದೆ. ಆದರೆ ಅದು ಇಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸುಗಳ ಮಾತು, ಬಿ.ಎ.ಗೆ ಅದನ್ನು ನಂಬಿಕೊಂಡು ಕೂರಬೇಡಿ. ಬಸ್ಸಿನ ಲೆಕ್ಕವೂ ಬೇರೆಯಾಗುತ್ತದೆ. ನಮ್ಮ ಎಸ್.ಟಿ.ಯಲ್ಲಿ 2023ರಿಂದ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟು. ಕರ್ನಾಟಕದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ಮಹಾರಾಷ್ಟ್ರದ ಆಧಾರ್ ಹಿಡಿದ ಹುಡುಗಿ ಗಡಿ ದಾಟಿದ ಮೇಲೆ ಪೂರ್ತಿ ಟಿಕೆಟು ಕೊಡಬೇಕು.

ಮೂರು ವರ್ಷವೋ ನಾಲ್ಕು ವರ್ಷವೋ ಎಂಬ ಗೊಂದಲವೂ ಗಡಿಯಲ್ಲೇ ಹೆಚ್ಚು. ಮಹಾರಾಷ್ಟ್ರದ ಸಂಲಗ್ನ ಕಾಲೇಜುಗಳಿಗೆ 2024-25ರಿಂದ ರಾಷ್ಟ್ರೀಯ ಶಿಕ್ಷಣ ನೀತಿ ಬಂದಿದೆ. ಮೂರು ವರ್ಷಕ್ಕೆ ಪದವಿ ತೆಗೆದುಕೊಂಡು ಹೊರಬರಬಹುದು, ನಾಲ್ಕನೆಯ ವರ್ಷ ಓದಿದರೆ ಆನರ್ಸ್. ಕರ್ನಾಟಕ 2021ರಲ್ಲಿ ನಾಲ್ಕು ವರ್ಷ ಮಾಡಿ, 2024-25ರಿಂದ ಮತ್ತೆ ಮೂರಕ್ಕೇ ಮರಳಿತು. ಗಾಬರಿ ಬೇಡ. ಮೂರು ಓದಿದವರಿಗೆ ಎಂ.ಎ. ಎರಡು ವರ್ಷ, ನಾಲ್ಕು ಓದಿದವರಿಗೆ ಒಂದು ವರ್ಷ ಎಂಬುದು ಯುಜಿಸಿಯ ಚೌಕಟ್ಟು. ಯಾವ ಕಡೆಯಿಂದ ಹೋದರೂ ಐದೇ.

ಮನೆಯಲ್ಲೇ ಕೂತು ಪದವಿ ಮಾಡಿಸುತ್ತೇವೆ ಎನ್ನುವವರ ಮಾತಿಗೆ ಮಾತ್ರ ಕಿವಿಗೊಡಬೇಡಿ. ಹಿಂದೆ ಎಷ್ಟೋ ಶಿಕ್ಷಕಿಯರು, ಗೃಹಿಣಿಯರು ಇಗ್ನೋದಂಥ ದೂರಶಿಕ್ಷಣದಿಂದ ಸೈಕಾಲಜಿ ಎಂ.ಎ. ಮಾಡಿದರು, ಚೆನ್ನಾಗಿಯೇ ಮಾಡಿದರು. 2021ರ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಸೈಕಾಲಜಿಯೂ ಬಂದದ್ದರಿಂದ, 2025ರ ಜುಲೈ-ಆಗಸ್ಟ್ ಸತ್ರದಿಂದ ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಈ ವಿಷಯಕ್ಕೆ ಹೊಸ ಪ್ರವೇಶ ಕೊಡಬಾರದೆಂದು ಯುಜಿಸಿ ಹೇಳಿದೆ. ಮನೆ ಬಿಟ್ಟು ಹೋಗಲಾಗದ ಹೆಣ್ಣುಮಕ್ಕಳಿಗೆ ಇದರಿಂದ ಬಾಗಿಲು ಮುಚ್ಚಿದೆ ಎಂಬ ಕೊರಗು ನನಗಿದೆ. ಆದರೂ ಮನುಷ್ಯನ ಎದುರು ಕೂರದೆ ಮನುಷ್ಯನ ಮನಸ್ಸಿನ ಕೆಲಸ ಕಲಿಯಲಾಗದು ಎಂಬ ತರ್ಕವನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ.

ಇನ್ನು ಭಾಷೆ. ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಇದು. ಸೊಲ್ಲಾಪುರದಲ್ಲಿ ಬಿ.ಎ. ಸೈಕಾಲಜಿ ನಡೆಯುವುದು ಮರಾಠಿ ಮತ್ತು ಇಂಗ್ಲಿಷಿನಲ್ಲಿ. ಕನ್ನಡ ಅಲ್ಲಿ ಒಂದು ಭಾಷಾ ವಿಷಯ ಮಾತ್ರ. ಮರಾಠಿಯ ಪರಿಭಾಷೆ ಸಂಸ್ಕೃತದಿಂದ ಬಂದದ್ದು, ನಮ್ಮದೂ ಅಲ್ಲಿಂದಲೇ ಬಂದದ್ದು. ಪರಿಚಯದ ಮುಖಗಳಂತೆ ಕಾಣುವ ಈ ಶಬ್ದಗಳೇ ಮೋಸ ಮಾಡುತ್ತವೆ. ಡಿಪ್ರೆಶನ್‌ಗೆ ಮರಾಠಿಯಲ್ಲಿ ನೈರಾಶ್ಯ. ಕನ್ನಡದ ಕಿವಿಗೆ ಅದು ನಿರಾಶೆ, ಪರೀಕ್ಷೆಯಲ್ಲಿ ಮಾರ್ಕು ಕಡಿಮೆ ಬಂದಾಗ ಆಗುವಂಥದ್ದು. ನಾವು ಅದಕ್ಕೆ ಖಿನ್ನತೆ ಎನ್ನುತ್ತೇವೆ. ಕೌನ್ಸೆಲಿಂಗ್‌ಗೆ ಅವರು ಸಮುಪದೇಶನ ಎನ್ನುತ್ತಾರೆ, ನಾವು ಆಪ್ತಸಮಾಲೋಚನೆ. ಒಂದು ಶಬ್ದದೊಳಗೆ ಉಪದೇಶ ಕೂತಿದೆ, ಇನ್ನೊಂದರೊಳಗೆ ಆಪ್ತರೂ ಆಲೋಚನೆಯೂ ಕೂತಿದ್ದಾರೆ. ಎರಡನ್ನೂ ಬಲ್ಲ ಹುಡುಗಿಗೆ, ಈ ಕೆಲಸದಲ್ಲಿ ಉಪದೇಶ ಎಷ್ಟು, ಆಪ್ತತೆ ಎಷ್ಟು ಎಂಬ ಪ್ರಶ್ನೆ ಮೊದಲ ಪಾಠದಲ್ಲೇ ಎದುರಾಗುತ್ತದೆ. ಪುಣೆಯ ಹುಡುಗಿಗೆ ಈ ಪ್ರಶ್ನೆ ಏಳುವುದು ಕಷ್ಟ.

ಎರಡು ಭಾಷೆಗಳ ನಡುವೆ ಬೆಳೆಯುವುದನ್ನು ಕೊರತೆ ಎಂದು ನಾವು ನೋಡುತ್ತಾ ಬಂದಿದ್ದೇವೆ. ಈ ವಿದ್ಯೆಯ ಚರಿತ್ರೆಯೇ ಬೇರೆ ಹೇಳುತ್ತದೆ. ಮಕ್ಕಳ ಬುದ್ಧಿಶಕ್ತಿ ಅಳೆಯಲು ಇಂದಿಗೂ ಭಾರತದ ಆಸ್ಪತ್ರೆಗಳಲ್ಲಿ ಬಳಸುವ ಬಿನೆ-ಕಾಮತ್ ಪರೀಕ್ಷೆ ಎಲ್ಲಿ ಹುಟ್ಟಿತು? ಧಾರವಾಡದಲ್ಲಿ. ಫ್ರಾನ್ಸಿನ ಬಿನೆಯ ಪರೀಕ್ಷೆಯನ್ನು ವಿ.ವಿ. ಕಾಮತರು 1930ರ ದಶಕದಲ್ಲಿ ನಮ್ಮ ಮಕ್ಕಳಿಗೆ ಒಗ್ಗಿಸಿದಾಗ ಅದನ್ನು ಎರಡು ಭಾಷೆಗಳಲ್ಲಿ ಸಿದ್ಧಮಾಡಿದರು: ಕನ್ನಡ ಮತ್ತು ಮರಾಠಿ. ಆಗ ಧಾರವಾಡವೂ ಸೊಲ್ಲಾಪುರವೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲೇ ಮನೋವಿಜ್ಞಾನ ವಿಭಾಗ ಕಟ್ಟಿದ್ದರು. ಕನ್ನಡದಲ್ಲಿ ಈ ವಿಷಯದ ಓದಿಗೂ ಬರವಿಲ್ಲ. ವೈದ್ಯ ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಸಿ.ಆರ್. ಚಂದ್ರಶೇಖರ್ ಅವರು ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ರಾಶಿ ರಾಶಿ ಪುಸ್ತಕ ಬರೆದಿದ್ದಾರೆ. ಸೊಲ್ಲಾಪುರದಲ್ಲಿ ಮರಾಠಿಯಲ್ಲಿ ಪಾಠ ಕೇಳುವ ಹುಡುಗಿ ರಾತ್ರಿ ಇವರನ್ನು ಓದಲಿ. ಮರಾಠಿ ಶಾಲೆಯಲ್ಲಿ ಓದಿ, ಕನ್ನಡದಲ್ಲಿ ಸಿದ್ಧರಾಮೇಶ್ವರ ಪುರಾಣ ಬರೆದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾದ ಜಯದೇವಿತಾಯಿ ಲಿಗಾಡೆಯವರ ಊರು ಇದು.

ಮೇಲಿನ ಮೆಟ್ಟಿಲಿಗೆ ಎಲ್ಲಿಗೆ? ನನ್ನ ಮೊದಲ ಒಲವು ಧಾರವಾಡ. ಹೋಟಗಿಯಲ್ಲಿ ಕವಲೊಡೆಯುವ ರೈಲುಹಳಿ ವಿಜಯಪುರ, ಗದಗದ ಮೇಲೆ ಆ ಕಡೆಗೇ ಹೋಗುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಇದೆ. ಅದೇ ಊರಲ್ಲಿ 1845ರಿಂದ ನಡೆದುಬಂದ ಮಾನಸಿಕ ಆಸ್ಪತ್ರೆ ಈಗ ಡಿಮ್ಹಾನ್ಸ್ ಆಗಿದೆ. ಅಲ್ಲಿನ ಹೊರರೋಗಿ ವಿಭಾಗದ ಮುಂದೆ ಕೇಳಿಬರುವುದು ನಮ್ಮ ಸೀಮೆಗೆ ಹತ್ತಿರದ ಕನ್ನಡ. ಓದಿನ ಹರವು ದೊಡ್ಡದಾಗಬೇಕೆಂದರೆ 1950ರಿಂದ ಮನೋವಿಜ್ಞಾನ ವಿಭಾಗವಿರುವ ಪುಣೆ ವಿಶ್ವವಿದ್ಯಾಲಯವಿದೆ. ಮಹಾರಾಷ್ಟ್ರದ ನಾಲ್ಕು ಪ್ರಾದೇಶಿಕ ಮನೋರುಗ್ಣಾಲಯಗಳಲ್ಲಿ ಒಂದು ಅಲ್ಲಿನ ಯರವಡಾದಲ್ಲಿದೆ. ಉಳಿದವು ಠಾಣೆ, ನಾಗಪುರ, ರತ್ನಾಗಿರಿಯಲ್ಲಿವೆ. ನಿಮ್ಹಾನ್ಸ್ ಸಿಕ್ಕರೆ ಬೇರೆ ಯೋಚನೆಯೇ ಬೇಡ. ಆದರೆ ಅಲ್ಲಿನ ಸೀಟು ಕೆಲವೇ ಕೆಲವು, ದೇಶವೇ ಬರೆಯುವ ಪರೀಕ್ಷೆ.

ಇಷ್ಟು ಓದಿದರೆ ಕೆಲಸ ಸಿಗುತ್ತದೆಯೇ ಎಂದು ರೈತರು ಕೇಳಿದರು. ಈ ಕೆಲಸದ ಅಗತ್ಯವಂತೂ ಬೇಕಾದಷ್ಟಿದೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ತೊಂದರೆಯಲ್ಲಿರುವವರ ಪೈಕಿ ಚಿಕಿತ್ಸೆ ಸಿಗದವರು ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92. ಅವರಲ್ಲಿ ನಮ್ಮ ಕಡೆಯವರು ಎಲ್ಲಿಗೆ ಹೋಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಅಕ್ಕಲಕೋಟ ರೋಡ್ ಸ್ಟೇಷನ್ನಿನಲ್ಲಿ ಹತ್ತಿ ನಾಗಣಸೂರ, ದುಧನಿ ದಾಟಿದರೆ ಗಾಣಗಾಪುರ ರೋಡ್. ಅಲ್ಲಿ ದತ್ತಾತ್ರೇಯನ ಮಂಗಳಾರತಿಯ ಹೊತ್ತಿಗೆ ಮೈಮೇಲೆ ಬಂದವರು ಕೂಗುತ್ತಾರೆ, ಕಂಬ ಹತ್ತುತ್ತಾರೆ. ಆ ಭಕ್ತಿಯನ್ನು ನಾನು ಹಗುರವಾಗಿ ಕಾಣುವವನಲ್ಲ. ಕಾಕಿಗೆ ಅಲ್ಲಿ ಕೂತ ಒಂದು ವಾರ ಸಮಾಧಾನವಾಗಿತ್ತು ಎಂದು ಆ ಹುಡುಗಿಯೇ ಹೇಳಿದಳು. ಊರಿಗೆ ಬಂದ ಮೇಲೆ ನಿದ್ದೆ ಮತ್ತೆ ಹೋಯಿತು. ದೇವರ ಬಳಿ ಹೋಗಿ ಬಂದವರು, ಅದಾದ ಮೇಲೆ ಕೂತು ತಮ್ಮ ಮಾತಿನಲ್ಲೇ ಎಲ್ಲ ಹೇಳಿಕೊಳ್ಳಬಹುದಾದ ಒಂದು ಕೋಣೆ ಅಕ್ಕಲಕೋಟದಲ್ಲಿ ಬೇಕು. ಸದ್ಯಕ್ಕೆ ಫೋನಿನಲ್ಲಿ ಒಂದು ಬಾಗಿಲಿದೆ: 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್, ನಂಬರು 14416. ಕನ್ನಡದಲ್ಲೂ ಮಾತಾಡಬಹುದು.

ಹುಡುಗಿ ಸೊಲ್ಲಾಪುರದಲ್ಲೇ ಸೇರಿದಳು, ಸೈಕಾಲಜಿ ಮೇಜರ್, ಜೊತೆಗೆ ಕನ್ನಡ. ಬಣ್ಣದ ಪುಸ್ತಿಕೆ ನಮ್ಮ ಮನೆಯಲ್ಲೇ ಉಳಿದಿದೆ. ದೀಪಾವಳಿಗೆ ಊರಿಗೆ ಹೋಗುವ ಮುಂಚೆ ಬಂದು ಒಂದು ವಹಿ ತೋರಿಸಿದಳು. ಪುಟಕ್ಕೆ ಮೂರು ಕಾಲಂ ಗೆರೆ ಹೊಡೆದಿದ್ದಳು: ಇಂಗ್ಲಿಷ್, ಮರಾಠಿ, ಕನ್ನಡ. ಆಂಗ್ಸೈಟಿ, ಚಿಂತಾ, ಕಳವಳ. ಮೆಮರಿ, ಸ್ಮೃತಿ, ನೆನಪು. ಪುಟಗಳು ತುಂಬುತ್ತಾ ಬಂದಿದ್ದವು. ಕೊನೆಯ ಪುಟದಲ್ಲಿ ಕನ್ನಡದ ಕಾಲಂನಲ್ಲಿ ಮಾತ್ರ ಶಬ್ದಗಳಿದ್ದವು: ಎದಿ ಧಡಧಡ, ಜೀವಾ ಕಸಿವಿಸಿ, ಸಂಕಟ. ಅವುಗಳ ಎದುರು ಉಳಿದೆರಡು ಕಾಲಂ ಖಾಲಿ.

"ಇವು ಬುಕ್ಕದಾಗ ಸಿಗ್ಲಿಲ್ರಿ," ಅಂದಳು. "ಕಾಕಿನ್ನ ಕೇಳಿ ಬರೀಬೇಕು. ಯಾವಾಗ ಆಗ್ತದ, ಎಷ್ಟೊತ್ತು ಇರ್ತದ, ಯಾರು ಬಲ್ಲಿ ಕುಂತ್ರ ಕಮ್ಮಿ ಆಗ್ತದ, ಎಲ್ಲಾ ಕೇಳ್ತೀನ್ರಿ." ಐದೂವರೆಯ ಎಸ್.ಟಿ. ಇತ್ತು. ವಹಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.